ಕಾಣದ ಮುಖಕ್ಕೆ ಬಣ್ಣ

ಚಿತ್ರದುರ್ಗವೆಂಬ ಹೆಸರಿನಲ್ಲಿಯೇ ಚಿತ್ರವಿದೆ. ಕಲ್ಲುಗಳ ವಿಚಿತ್ರವಾದ ರೂಪಗಳಿಂದ ಇದು ಚಿತ್ರಕಲ್ಲುದುರ್ಗವಾಯಿತು ಎಂಬುದು ನಮ್ಮ ಕಡೆಯ ಮಾತು. ಬಂಡೆಯ ಮೇಲೆ ಬಂಡೆ ಕುಳಿತು ಒಂದೆಡೆ ಮಲಗಿದ ಆನೆಯಂತೆ, ಇನ್ನೊಂದೆಡೆ ಹೆಡೆಯೆತ್ತಿದ ಹಾವಿನಂತೆ, ಮತ್ತೊಂದೆಡೆ ಯಾರೋ ಮುದುಕ ಮೋರೆ ತಿರುಗಿಸಿಕೊಂಡಂತೆ ಕಾಣುವ ಈ ಬೆಟ್ಟದಲ್ಲಿ ಪ್ರಕೃತಿ ತಾನೇ ಕುಳಿತು ಎಷ್ಟೋ ಮುಖಗಳನ್ನು ಕಡೆದಿಟ್ಟಿದೆ. ಆದರೆ ಈ ದುರ್ಗವನ್ನಾಳಿದ ಕೊನೆಯ ನಾಯಕನ ಮುಖ ಹೇಗಿತ್ತು ಎಂದು ಮಗುವೊಂದು ಕೇಳಿದರೆ ನಾವು ತೋರಿಸುವುದೇನು? ಪಟ್ಟಣದಲ್ಲಿ ಮದಕರಿನಾಯಕನ ಪ್ರತಿಮೆಯಿದೆ. ಶಾಲೆಗಳಲ್ಲಿ, ಕಚೇರಿಗಳಲ್ಲಿ ಅವನ ಪಟಗಳಿವೆ. ಬಿಗಿದ ಹುಬ್ಬು, ತಿರುವಿದ ಮೀಸೆ, ತಲೆಗೆ ರುಮಾಲು. ಇವೆಲ್ಲ ಭಕ್ತಿಯಿಂದ ಬರೆದವು, ಊಹೆಯಿಂದ ಬರೆದವು. ಭಕ್ತಿ ನಿಜ, ಮುಖ ಊಹೆ.

ಸತ್ತವರ ಚಿತ್ರವನ್ನು ಬರೆಯುವುದು ಹೇಗೆ, ಬರೆಯಬೇಕಾದುದು ಏನನ್ನು ಎಂಬ ಪ್ರಶ್ನೆ ಈಚೆಗೆ ನನ್ನನ್ನು ಬಹಳವಾಗಿ ಹಿಡಿದಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬದುಕಿರುವವನನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಚಿತ್ರಕಾರನಿಗೆ ಎದುರಾಳಿಯೊಬ್ಬನಿರುತ್ತಾನೆ: ಆ ಮುಖವೇ ಅವನ ಎದುರಾಳಿ. ಗೆರೆ ತಪ್ಪಿದರೆ ಮುಖವೇ ತಪ್ಪನ್ನು ತೋರಿಸಿಕೊಡುತ್ತದೆ. ಸತ್ತವನ ಚಿತ್ರವನ್ನು ಬರೆಯುವವನಿಗೆ ಆ ನೆರವಿಲ್ಲ. ಅವನೆದುರು ಇರುವುದು ಹಳೆಯ ಫೋಟೋ, ಮನೆಯವರ ನೆನಪು, ಜನರ ಅಪೇಕ್ಷೆ. ಈ ಮೂರೂ ಒಂದೇ ಮುಖವನ್ನು ಹೇಳುವುದಿಲ್ಲ. ಸತ್ತವನು ಯೋಧನಾಗಿದ್ದು ಬಿರುದು ಪದಕಗಳನ್ನು ಪಡೆದವನಾದರಂತೂ ನಾಲ್ಕನೆಯದೊಂದು ಬಂದು ಸೇರುತ್ತದೆ: ನಾಡಿನ ಹೆಮ್ಮೆ. ಹೆಮ್ಮೆ ಬಹಳ ಒರಟು ಚಿತ್ರಕಾರ. ಅದು ಎದೆಯನ್ನು ಅಗಲಿಸುತ್ತದೆ, ಕಣ್ಣನ್ನು ಕೆಂಪಾಗಿಸುತ್ತದೆ, ಮನುಷ್ಯನನ್ನು ಅಳಿಸಿಬಿಡುತ್ತದೆ.

ಕನ್ನಡನಾಡಿಗೆ ಈ ಕೆಲಸ ಹೊಸತಲ್ಲ. ನಮ್ಮ ಊರೂರಿನ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ನಿಂತಿರುವ ವೀರಗಲ್ಲುಗಳು ಮತ್ತೇನು? ಅವು ಮರಣಾನಂತರದ ಭಾವಚಿತ್ರಗಳೇ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ವೀರನು ಹೋರಾಡುತ್ತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಈ ಶಿಲ್ಪಿಗಳಿಗೆ ಮುಖದ ಹೋಲಿಕೆಯ ಚಿಂತೆಯಿರಲಿಲ್ಲ. ಹತ್ತು ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದರೆ ಹತ್ತು ಮುಖಗಳೂ ಅಣ್ಣತಮ್ಮಂದಿರ ಮುಖಗಳಂತಿರುತ್ತವೆ. ಅವನು ಯಾರೆಂಬುದನ್ನು ಹೇಳುವ ಹೊಣೆಯನ್ನು ಶಿಲ್ಪಿ ಅಕ್ಷರಕ್ಕೆ ಬಿಟ್ಟ. ಅವನು ಏನು ಮಾಡಿದನೆಂಬುದನ್ನು ಮಾತ್ರ ಕಲ್ಲಿನಲ್ಲಿ ಕಡೆದ.

ಇವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಆತಕೂರಿನ ಕಲ್ಲು. ಕ್ರಿ. ಶ. ೯೪೯ರ ಸುಮಾರಿನಲ್ಲಿ ತಕ್ಕೋಲದ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಚೋಳರ ಮೇಲೆ ಹೋರಾಡಿ ಗೆದ್ದ. ಅವನ ಕಡೆಯ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಕೇಳೆಂದ. ಮಣಲೇರ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಹತ್ತನೆಯ ಶತಮಾನದ ಸೇನಾನಿಯೊಬ್ಬ ತನಗೆ ತಾನೇ ಆರಿಸಿಕೊಂಡ ಪದಕ ಅದು! ಮುಂದೆ ಆ ನಾಯಿ ಕಾಡುಹಂದಿಯೊಂದನ್ನು ಎದುರಿಸಿ, ಎರಡೂ ಸತ್ತವು. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಕಾಣುವುದು ನಾಯಿಯೂ ಹಂದಿಯೂ. ಒಡೆಯನ ಮುಖವಿಲ್ಲ. ಆದರೂ ಆ ಶಾಸನವನ್ನು ಓದಿದವನಿಗೆ ಮಣಲೇರನ ಸ್ವಭಾವ ಎಷ್ಟು ಚೆನ್ನಾಗಿ ಗೊತ್ತಾಗುತ್ತದೆ! ಊರನ್ನೋ ಹೊನ್ನನ್ನೋ ಬೇಡದೆ ನಾಯಿಯನ್ನು ಬೇಡಿದವನು. ಅದು ಸತ್ತಾಗ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟವನು. ಮುಖವಿಲ್ಲದೆಯೂ ಭಾವಚಿತ್ರವಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಣ್ಣವೂ ನಮಗೆ ಅಪರಿಚಿತವಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯಕ್ಕೆ ಹೋದವರು ತಲೆಯೆತ್ತಿ ನೋಡಬೇಕು. ಮಂಟಪದ ಮಾಳಿಗೆಯಲ್ಲಿ ಪುರಾಣಕಥೆಗಳ ಚಿತ್ರಗಳಿವೆ. ಅಲ್ಲಿಯೂ ರಾಜನೆಂದರೆ ಕಿರೀಟ, ಯೋಧನೆಂದರೆ ಬಿಲ್ಲು; ವ್ಯಕ್ತಿಯ ಗುರುತು ಮುಖದಲ್ಲಲ್ಲ, ಲಾಂಛನದಲ್ಲಿ. ಈ ಮನುಷ್ಯ ಇವನೇ, ಮತ್ತೊಬ್ಬನಲ್ಲ ಎಂದು ಮೂಗು ತುಟಿಗಳಲ್ಲಿ ಹೇಳುವ ತೈಲಚಿತ್ರದ ಪದ್ಧತಿ ನಮ್ಮಲ್ಲಿಗೆ ಪಶ್ಚಿಮದಿಂದ ಬಂದದ್ದು. ರಾಜಾ ರವಿವರ್ಮ ೧೮೮೫ರಲ್ಲಿ ಮೈಸೂರಿಗೆ ಬಂದು ಅರಮನೆಯವರ ಚಿತ್ರಗಳನ್ನು ಬರೆದ ಮೇಲೆ, ದೊಡ್ಡವರ ಮನೆಯ ಹಜಾರದಲ್ಲಿ ಹಿರಿಯರ ತೈಲಚಿತ್ರವಿರುವುದು ಒಂದು ಮರ್ಯಾದೆಯಾಯಿತು.

ಆದರೆ ಅದಕ್ಕೂ ಬಹಳ ಮುಂಚೆ ಕನ್ನಡನಾಡಿನ ಒಂದು ರಾತ್ರಿಯನ್ನು ವಿಷಯವಾಗಿಟ್ಟುಕೊಂಡು, ಸತ್ತ ಸೇನಾನಿಯೊಬ್ಬನ ಗೌರವಕ್ಕಾಗಿ ಬರೆದ ಪ್ರಚಂಡ ತೈಲಚಿತ್ರವೊಂದು ಹುಟ್ಟಿತ್ತು. ಅದನ್ನು ಬರೆದವನು ಸ್ಕಾಟ್ಲೆಂಡಿನ ಸರ್ ಡೇವಿಡ್ ವಿಲ್ಕಿ. ಚಿತ್ರದ ನಾಯಕ ಜನರಲ್ ಸರ್ ಡೇವಿಡ್ ಬೇರ್ಡ್. ಈತ ೧೭೮೦ರಲ್ಲಿ ಪೊಳ್ಳಿಲೂರಿನ ಕದನದಲ್ಲಿ ಹೈದರನ ಸೈನ್ಯಕ್ಕೆ ಸೆರೆಸಿಕ್ಕು, ೧೭೮೪ರವರೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತ. ೧೭೯೯ರ ಮೇ ೪ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಖಂಡನಾಗಿ ಮತ್ತೆ ಬಂದ. ಆ ರಾತ್ರಿ ಕೋಟೆಯ ಬಾಗಿಲಿನ ಬಳಿ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹವನ್ನು ದೀಪದ ಬೆಳಕಿನಲ್ಲಿ ಹುಡುಕಿ ತೆಗೆದರು. ಕೋಟೆಯನ್ನು ಗೆದ್ದವನು ಬೇರ್ಡ್. ಅದರ ಆಡಳಿತ ಮಾತ್ರ ಆರ್ಥರ್ ವೆಲ್ಲೆಸ್ಲಿಯ ಕೈಸೇರಿತು. ಆ ಕೊರಗು ಬೇರ್ಡನಿಗೆ ತಪ್ಪಲಿಲ್ಲ.

೧೮೨೯ರಲ್ಲಿ ಬೇರ್ಡ್ ಸತ್ತ. ಅವನ ವಿಧವೆ ವಿಲ್ಕಿಯಿಂದ ಈ ಚಿತ್ರವನ್ನು ಬರೆಸಿದಳು. ೧೮೩೯ರಲ್ಲಿ ಅದು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾಯಿತು; ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹಕ್ಕೆ ಸೇರಿದೆ. ಎತ್ತರವೇ ಸುಮಾರು ಹನ್ನೊಂದು ಅಡಿ. ವಿಲ್ಕಿ ಭಾರತಕ್ಕೆ ಬಂದವನಲ್ಲ. ಬೇರ್ಡನನ್ನು ಕೂರಿಸಿಕೊಂಡು ಬರೆಯುವ ಕಾಲವೂ ಮೀರಿತ್ತು. ಆದರೂ ಅವನ ಜಾಣ್ಮೆಯನ್ನು ನೋಡಿ: ಗೆಲುವಿನಿಂದ ನೆಟ್ಟಗೆ ನಿಂತ ಬೇರ್ಡನ ಪಾದದ ಬಳಿ, ನೆಲದಲ್ಲಿ, ನೆಲಮಾಳಿಗೆಯೊಂದರ ಕಬ್ಬಿಣದ ಜಾಲರಿಯನ್ನು ಬರೆದಿದ್ದಾನೆ. ಅದು ಬೇರ್ಡನ ಸೆರೆವಾಸದ ಗುರುತು. ಒಂದು ಜಾಲರಿಯಿಂದ ಮನುಷ್ಯನೊಬ್ಬನ ಇಪ್ಪತ್ತು ವರ್ಷಗಳ ಕಥೆ ಹೇಳಿದಂತಾಯಿತು. ಬದುಕಿದ್ದಾಗ ಸಿಕ್ಕದ ಮನ್ನಣೆಯನ್ನು ಸತ್ತ ಮೇಲೆ ಬಣ್ಣದಲ್ಲಿ ತಂದುಕೊಟ್ಟದ್ದು ಹೆಂಡತಿಯ ಪ್ರೀತಿ.

ಚಿತ್ರದುರ್ಗದವನಾದ ನನಗೆ ಆ ಜಾಲರಿಯ ಮೇಲೆಯೇ ಕಣ್ಣು ನೆಡುತ್ತದೆ. ೧೭೭೯ರಲ್ಲಿ ಹೈದರನು ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಪರಿವಾರಸಮೇತ ಸೆರೆಹಿಡಿದು ಕಳುಹಿಸಿದ್ದು ಇದೇ ಶ್ರೀರಂಗಪಟ್ಟಣಕ್ಕೆ. ಮರುವರ್ಷವೇ ಬೇರ್ಡ್ ಅಲ್ಲಿಗೆ ಸೆರೆಯಾಳಾಗಿ ಬಂದ. ಒಂದೇ ಊರು, ಒಂದೇ ಕಾಲ, ಇಬ್ಬರು ಬಂದಿಗಳು. ಒಬ್ಬ ಬಿಡುಗಡೆಯಾಗಿ ಹೋಗಿ, ಗೆದ್ದು, ಸತ್ತ ಮೇಲೆ ಹನ್ನೊಂದು ಅಡಿಯ ಚಿತ್ರವಾದ. ಇನ್ನೊಬ್ಬ ಮರಳಿ ಬರಲೇ ಇಲ್ಲ. ನಾಯಕನ ಮನೆಯವರೂ ಸೆರೆಯಲ್ಲಿ, ದುರ್ಗದ ಬೇಡ ಪಡೆಯ ತರುಣರೂ ಹೈದರನ ಚೇಲಾ ದಂಡಿನಲ್ಲಿ. ಅವನ ಚಿತ್ರವನ್ನು ಬರೆಸುವವರಾದರೂ ಯಾರು? ಚರಿತ್ರೆಯಲ್ಲಿ ಮುಖ ಉಳಿಯುವುದು ಶೌರ್ಯದಿಂದಲ್ಲ, ಉಳಿದವರಿಂದ. ಹಿಂದೆ ಉಳಿದವರಿಗೆ ಪ್ರೀತಿಯಿರಬೇಕು, ಹಣವಿರಬೇಕು, ನೆಲೆಯಿರಬೇಕು.

ಖಾಲಿ ಬಿಟ್ಟ ಚೌಕಟ್ಟು ಖಾಲಿಯಾಗಿಯೇ ಉಳಿಯುವುದಿಲ್ಲ ಎಂಬುದನ್ನೂ ದುರ್ಗವೇ ಕಲಿಸುತ್ತದೆ. ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಅವಳ ಮುಖವನ್ನು ಯಾರೂ ಬರೆದಿಡಲಿಲ್ಲ. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಲನಚಿತ್ರ ಬಂದಿತು. ಅದರಲ್ಲಿ ಓಬವ್ವನಾಗಿ ಜಯಂತಿಯವರು ಕಾಣಿಸಿಕೊಂಡರು. ಅಂದಿನಿಂದ ಓಬವ್ವನೆಂದರೆ ಜನಕ್ಕೆ ಆ ಕಣ್ಣು, ಆ ಹಣೆ, ಆ ಕಚ್ಚೆ. ಸರ್ಕಾರದ ವತಿಯಿಂದ ೨೦೨೧ರಿಂದ ನವೆಂಬರ್ ೧೧ರಂದು ಓಬವ್ವ ಜಯಂತಿ ನಡೆಯುತ್ತಿದೆ. ಆ ದಿನ ಶಾಲೆಯ ಹೆಣ್ಣುಮಕ್ಕಳು ವೇಷ ಕಟ್ಟಿದಾಗ ಅವರು ಅನುಕರಿಸುವುದು ಹದಿನೆಂಟನೆಯ ಶತಮಾನದ ಓಬವ್ವನನ್ನಲ್ಲ, ೧೯೭೨ರ ಬೆಳ್ಳಿತೆರೆಯನ್ನು. ಇದು ದೂರಲ್ಲ. ನಟಿಯೊಬ್ಬರು ತಮ್ಮ ಮುಖವನ್ನೇ ಮರಣಾನಂತರದ ಭಾವಚಿತ್ರವಾಗಿ ದಾನ ಮಾಡಿದರು, ಅಷ್ಟೆ. ಮದಕರಿಗೆ ಅಂಥ ದಾನ ಮಾಡಿದವರು ತ. ರಾ. ಸುಬ್ಬರಾಯರು. ಅವರ ‘ದುರ್ಗಾಸ್ತಮಾನ’ ಕುಂಚವಿಲ್ಲದೆ ಬರೆದ ಭಾವಚಿತ್ರ. ತ. ರಾ. ಸು. ೧೯೮೪ರಲ್ಲಿ ತೀರಿಕೊಂಡರು, ಆ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ೧೯೮೫ರಲ್ಲಿ. ಸತ್ತ ನಾಯಕನಿಗೆ ಮುಖ ಕೊಟ್ಟ ಲೇಖಕನಿಗೂ ಮನ್ನಣೆ ಸತ್ತ ಮೇಲೆಯೇ ಬಂದಿತು.

ಇನ್ನು ಈ ಚಿಂತೆಗೆ ಕಾರಣವಾದ ಸಂಗತಿ. ಹೊಸದುರ್ಗದ ಕಡೆಯ ಅಧ್ಯಾಪಕ ಮಿತ್ರರೊಬ್ಬರು ತಮ್ಮ ಶಾಲೆಯ ಸಭಾಂಗಣಕ್ಕೆ ಒಂದು ತೈಲಚಿತ್ರ ಬರೆಸುವ ಹಂಬಲದಲ್ಲಿದ್ದರು. “ದೇಶನಾಯಕರ ಪಟಗಳು ಬೇಕಾದಷ್ಟಿವೆ ಸಾರ್; ನಮ್ಮ ಜಿಲ್ಲೆಯ ಮಣ್ಣಿನವರದೊಂದು ಬೇಕು. ಕರ್ನಲ್ ರವೀಂದ್ರನಾಥರದು ಬರೆಸಿದರೆ ಹೇಗೆ?” ಎಂದು ಕೇಳಿದರು. ಜಿಲ್ಲೆಯ ಎಲ್ಲೆಯ ಮಾತಾಡುವವರಿಗೆ ಒಂದು ವಿವರಣೆ: ಕರ್ನಲ್ ಎಂ. ಬಿ. ರವೀಂದ್ರನಾಥರು ದಾವಣಗೆರೆಯವರು. ದಾವಣಗೆರೆ ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಅವರು ಹುಟ್ಟಿದ ೧೯೫೯ರಲ್ಲಿ ಅದು ಚಿತ್ರದುರ್ಗ ಜಿಲ್ಲೆಯೇ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯ ಸೇರಿ, ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ರಜಪುತಾನಾ ರೈಫಲ್ಸಿನ ೨ನೆಯ ಬೆಟಾಲಿಯನ್ನಿನ ನಾಯಕತ್ವ ವಹಿಸಿದವರು. ತೋಲೋಲಿಂಗ್ ಶಿಖರವನ್ನು ಮರಳಿ ಗೆದ್ದ ಪಡೆ ಅದು. ಅದಕ್ಕಾಗಿ ಅವರಿಗೆ ವೀರಚಕ್ರ ಬಂದಿತು. ೨೦೧೮ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮಿತ್ರರೊಡನೆ ಹಿರಿಯೂರಿನ ಚಿತ್ರಕಾರರೊಬ್ಬರಲ್ಲಿಗೆ ಹೋದೆ. ಅಂಗಡಿಯ ಬೋರ್ಡು ಬರೆಯುವುದು, ದೇವರ ಪಟ ತಿದ್ದುವುದು, ತೀರಿಹೋದವರ ಮುಖ ಬರೆಯುವುದು, ಎಲ್ಲವೂ ಅವರ ಕಸುಬು. ಕೋಣೆಯ ತುಂಬ ಅಗಸೆ ಎಣ್ಣೆಯ ವಾಸನೆ. ಅವರಿಂದ ನಾನು ತಿಳಿದದ್ದು ಬಹಳ. ಎಣ್ಣೆಬಣ್ಣ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲ ಲೇಪ ಟರ್ಪೆಂಟೈನ್ ಬೆರೆಸಿದ ತೆಳುವಾದದ್ದು, ಮೇಲಿನ ಲೇಪಗಳಲ್ಲಿ ಬರಬರುತ್ತ ಎಣ್ಣೆ ಹೆಚ್ಚು. ಕ್ರಮ ತಪ್ಪಿದರೆ ಮೇಲಿನ ಪದರು ಬಿರಿಯುತ್ತದೆ. ಕೊನೆಯ ವಾರ್ನಿಷಿಗೆ ಆರು ತಿಂಗಳಾದರೂ ಕಾಯಬೇಕು. “ಆಗಸ್ಟ್ ಹದಿನೈದಕ್ಕೆ ಬೇಕು ಅಂತ ಜುಲೈಲಿ ಬರ್ತಾರೆ ಸ್ವಾಮಿ. ಎಣ್ಣೆಗೆ ಆ ಅವಸರ ಗೊತ್ತಾಗಲ್ಲ” ಎಂದು ನಕ್ಕರು.

ಮುಖದ ವಿಷಯಕ್ಕೆ ಬಂದಾಗ ಅವರ ನಗೆ ನಿಂತಿತು. ಜನ ತರುವುದು ಬಹುಮಟ್ಟಿಗೆ ಗುರುತಿನ ಚೀಟಿಯ ಫೋಟೋವಂತೆ. ಅದರಲ್ಲಿ ಬೆಳಕು ಎದುರಿನಿಂದಲೇ ಬಿದ್ದಿರುತ್ತದೆ. ಕೆನ್ನೆಗೆ ನೆರಳಿಲ್ಲ, ಮೂಗಿಗೆ ಏರಿಲ್ಲ, ಯಾರ ಮುಖವಾದರೂ ತಟ್ಟೆಯ ಹಾಗೆ. ಅದನ್ನೇ ನೋಡಿ ಬರೆದರೆ ಚೀಟಿ ದೊಡ್ಡದಾದೀತೇ ಹೊರತು ಮನುಷ್ಯ ಬರುವುದಿಲ್ಲ. ಅದಕ್ಕೇ ಅವರು ಬೇರೆಬೇರೆ ವಯಸ್ಸಿನ ಮೂರು ಫೋಟೋಗಳನ್ನು ಕೇಳುತ್ತಾರೆ. ಸಾಧ್ಯವಾದರೆ ತಮ್ಮನನ್ನೋ ಮಗನನ್ನೋ ಕರೆಸಿ, ಕಿಟಕಿಯ ಬಳಿ ಕೂರಿಸಿ, ಆ ವಂಶದ ಗಲ್ಲದ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಿಕೊಳ್ಳುತ್ತಾರೆ. “ಕಣ್ಣು ಮಾತ್ರ ಯಾರಿಂದಲೂ ಸಾಲ ತರೋಕಾಗಲ್ಲ” ಎಂದರು. ಒಮ್ಮೆ ತಾಯಿಯೊಬ್ಬರು ಮಗನ ಚಿತ್ರವನ್ನು ಬಹಳ ಹೊತ್ತು ನೋಡಿ, “ಎಲ್ಲಾ ಸರಿ ಐತಪ್ಪಾ, ಆದ್ರೆ ಇವನು ನನ್ನ ನೋಡ್ತಿಲ್ಲ” ಎಂದರಂತೆ. ಆ ಚಿತ್ರವನ್ನು ಅವರು ತಿದ್ದಲಿಲ್ಲ. ತಾಯಿಯನ್ನು ಒಂದು ಹೆಜ್ಜೆ ಎಡಕ್ಕೆ ನಿಲ್ಲಿಸಿದರು. ನೋಟ ಕೂಡಿತು.

ಯೋಧನ ಚಿತ್ರದಲ್ಲಿ ಮುಖದಷ್ಟೇ ಕಷ್ಟವಾದದ್ದು ಸಮವಸ್ತ್ರ. ಅಲ್ಲಿ ಕಲ್ಪನೆಗೆ ಎಡೆಯಿಲ್ಲ. ರೈಫಲ್ ರೆಜಿಮೆಂಟುಗಳ ಗುಂಡಿಗಳು ಕಪ್ಪು; ಚೆಲುವಿಗೆಂದು ಹೊನ್ನಿನ ಬಣ್ಣ ಹಚ್ಚಿದರೆ ಮನುಷ್ಯನೇ ಬೇರೆ ಪಡೆಗೆ ಸೇರಿದಂತಾಯಿತು. ಕರ್ನಲ್ ಹುದ್ದೆಗೆ ಹೆಗಲ ಮೇಲೆ ಸಿಂಹಲಾಂಛನವೂ ಎರಡು ನಕ್ಷತ್ರಗಳೂ ಇರಬೇಕು. ವೀರಚಕ್ರ ಬೆಳ್ಳಿಯದು, ದುಂಡನೆಯದು, ಅಡ್ಡಳತೆ ಸುಮಾರು ಒಂದೂಕಾಲು ಅಂಗುಲಕ್ಕೆ ಮೇಲೆ. ಅದರ ಮೇಲೆ ಐದು ಮೊನೆಯ ನಕ್ಷತ್ರ, ನಕ್ಷತ್ರದ ನಡುವೆ ಚಕ್ರ, ಚಕ್ರದ ನಡುವೆ ಹೊನ್ನಿನ ಬಣ್ಣದ ರಾಷ್ಟ್ರಲಾಂಛನ. ಪಟ್ಟಿ ಅರ್ಧ ಕಡುನೀಲಿ, ಅರ್ಧ ಕೇಸರಿ. ಮಹಾವೀರಚಕ್ರವಾದರೆ ಅರ್ಧ ಬಿಳಿ, ಅರ್ಧ ಕೇಸರಿ. ಇವುಗಳನ್ನೂ ಪರಮವೀರಚಕ್ರವನ್ನೂ ೧೯೫೦ರ ಜನವರಿ ೨೬ರಂದು, ೧೯೪೭ರ ಆಗಸ್ಟ್ ೧೫ರಿಂದಲೇ ಅನ್ವಯವಾಗುವಂತೆ ಸ್ಥಾಪಿಸಿದರು. ಪರಮವೀರಚಕ್ರದ ರೂಪವನ್ನು ರಚಿಸಿದವರು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ, ನಮ್ಮ ಪುರಾಣಗಳನ್ನು ಓದಿ ನಮ್ಮವರೇ ಆದ ಸಾವಿತ್ರಿ ಖಾನೋಲ್ಕರ್. ಅದರ ಮೇಲಿರುವ ವಜ್ರಾಯುಧ ಅವರು ಪುರಾಣದಿಂದ ತಂದದ್ದು.

ಇಲ್ಲಿ ಒಂದು ಧರ್ಮಸೂಕ್ಷ್ಮವುಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೊರಟರು. ಅವರದು ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್. ಅದನ್ನು ಕೆಡವಿದರು, ತಾವು ಮರಳಲಿಲ್ಲ. ಅವರ ಸಾಹಸ ನಮ್ಮವರಿಗೆ ತಿಳಿದದ್ದೇ ಬಹುಕಾಲದ ಮೇಲೆ. ಮಹಾವೀರಚಕ್ರ ಮರಣೋತ್ತರವಾಗಿ ಬಂದದ್ದು ೧೯೮೮ರಲ್ಲಿ, ಇಪ್ಪತ್ತಮೂರು ವರ್ಷ ಕಳೆದು. ಹೀಗಿರುವಾಗ ದೇವಯ್ಯನವರ ಭಾವಚಿತ್ರ ಬರೆಯುವವನು ಆ ಬಿಳಿ-ಕೇಸರಿ ಪಟ್ಟಿಯನ್ನು ಎದೆಯ ಮೇಲೆ ಬರೆಯಬೇಕೇ? ಬದುಕಿದ್ದಾಗ ಆ ಎದೆಯ ಮೇಲೆ ಅದು ಇರಲಿಲ್ಲ. ಫೋಟೋದ ಸತ್ಯ, ಬೇಡ ಎನ್ನುತ್ತದೆ. ನಾಡಿನ ಋಣ, ಬೇಕು ಎನ್ನುತ್ತದೆ.

ನನ್ನ ಮಟ್ಟಿಗೆ ಈ ಬಿಕ್ಕಟ್ಟಿಗೆ ವೀರಗಲ್ಲೇ ಉತ್ತರ ಹೇಳುತ್ತದೆ. ಮೇಲಿನ ಪಟ್ಟಿಕೆಯಲ್ಲಿ ದೇವರ ಮುಂದೆ ಕುಳಿತ ವೀರನನ್ನು ಯಾವ ಶಿಲ್ಪಿಯೂ ಕಣ್ಣಾರೆ ಕಂಡು ಕಡೆದದ್ದಲ್ಲ. ಆದರೂ ಅದನ್ನು ಸುಳ್ಳೆಂದು ಯಾರೂ ಹೇಳಲಿಲ್ಲ. ಅದು ಬದುಕಿನ ಚಿತ್ರವಲ್ಲ, ಉಳಿದವರ ನಂಬಿಕೆಯ ಚಿತ್ರವೆಂದು ನೋಡುವವನಿಗೆ ತಿಳಿದಿತ್ತು. ಶಿಲ್ಪಿ ಮಾಡಿದ ಒಳ್ಳೆಯ ಕೆಲಸವೆಂದರೆ ಕೆಳಗಿನ ಪಟ್ಟಿಕೆಗೂ ಮೇಲಿನ ಪಟ್ಟಿಕೆಗೂ ನಡುವೆ ಗೆರೆ ಎಳೆದದ್ದು. ಮರಣೋತ್ತರ ಪದಕವನ್ನು ಬರೆಯುವುದಾದರೆ ಬರೆಯಲಿ. ಆದರೆ ಯಾವ ವರ್ಷ ಅವರು ತೀರಿಕೊಂಡರು, ಯಾವ ವರ್ಷ ಪದಕ ಬಂದಿತು ಎಂಬ ಎರಡು ಇಸವಿಗಳನ್ನೂ ಚಿತ್ರದ ಕೆಳಗೆ ಬರೆಯಲಿ. ಆ ಎರಡು ಇಸವಿಗಳ ನಡುವಿನ ಅಂತರ ನೋಡುವವನಿಗೆ ಎಷ್ಟೋ ಸಂಗತಿಗಳನ್ನು ಹೇಳುತ್ತದೆ.

ರವೀಂದ್ರನಾಥರ ವಿಷಯದಲ್ಲಿ ಆ ಸಮಸ್ಯೆಯಿಲ್ಲ. ಪದಕವನ್ನು ಅವರು ಧರಿಸಿದ್ದವರು. ಅಲ್ಲಿ ಬೇರೆ ಸಮಸ್ಯೆ. ಯಾವ ವಯಸ್ಸಿನ ಮುಖವನ್ನು ಬರೆಯುವುದು? ಶಿಖರವನ್ನು ಗೆದ್ದಾಗ ಅವರಿಗೆ ಸುಮಾರು ನಲವತ್ತು. ಅನಂತರ ಹತ್ತೊಂಬತ್ತು ವರ್ಷ ಬದುಕಿದ್ದರು. ಯುದ್ಧದ ಬಿಸಿ ಮೋರೆಯನ್ನೇ, ಅಥವಾ ಯುದ್ಧವನ್ನು ಹೊತ್ತುಕೊಂಡು ಬಾಳಿದ ಮೋರೆಯನ್ನೇ? ಮಿತ್ರರು ಮೊದಲನೆಯದೆಂದರು; ಚಿತ್ರಕಾರರು ಎರಡನೆಯದೆಂದರು. “ಗೆದ್ದ ದಿನದ ಮುಖ ಎಲ್ರದೂ ಒಂದೇ ಥರ ಇರುತ್ತೆ ಸ್ವಾಮಿ” ಎಂದ ಅವರ ಮಾತಿನಲ್ಲಿ ನನಗೆ ವೀರಗಲ್ಲುಗಳ ಸಾಲು ಕಂಡಿತು.

ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದು. ಪಡೆಯ ನಾಯಕನ ಶೌರ್ಯ ಕಣ್ಣಿಗೆ ಕಾಣುವಂಥದಲ್ಲ. ಪರಮವೀರಚಕ್ರ ಪಡೆದ ನಮ್ಮ ಕಾರವಾರದ ಚೆಂಡಿಯಾದ ರಾಮ ರಾಘೋಬ ರಾಣೆಯವರು ೧೯೪೮ರ ಏಪ್ರಿಲಿನಲ್ಲಿ ನೌಶೇರಾ-ರಜೌರಿ ದಾರಿಯಲ್ಲಿ ಟ್ಯಾಂಕುಗಳ ಮುಂದೆ ತೆವಳಿ ಸಿಡಿಗುಂಡುಗಳನ್ನು ಕಿತ್ತರು. ಅದನ್ನು ಯಾವ ಚಿತ್ರಕಾರನಾದರೂ ಬರೆಯಬಹುದು. ಆದರೆ ಕತ್ತಲಲ್ಲಿ, ಸುಮಾರು ಹದಿನೈದು ಸಾವಿರ ಅಡಿ ಎತ್ತರದ ಬೋಳು ಬಂಡೆಗಳ ಕೆಳಗೆ ನಿಂತು, ತನ್ನ ಹುಡುಗರನ್ನು ಮೇಲಕ್ಕೆ ಕಳುಹಿಸುವವನ ಎದೆಯಲ್ಲಿ ನಡೆಯುವುದನ್ನು ಬರೆಯುವುದು ಹೇಗೆ? ಕಳುಹಿಸಿದವರಲ್ಲಿ ಎಲ್ಲರೂ ಬರುವುದಿಲ್ಲವೆಂದು ಅವನಿಗೆ ಗೊತ್ತು. ೧೯೯೯ರ ಜೂನ್ ೧೨ರ ರಾತ್ರಿ ಆ ಬೆಟಾಲಿಯನ್ ಮೇಲೇರಿತು. ೧೩ರಂದು ತೋಲೋಲಿಂಗ್ ನಮ್ಮದಾಯಿತು. ಮೇಜರ್ ವಿವೇಕ್ ಗುಪ್ತಾ ಅಲ್ಲಿಯೇ ಮಡಿದರು. ಅವರಿಗೆ ಮರಣೋತ್ತರ ಮಹಾವೀರಚಕ್ರ. ಗಾಯಗೊಂಡೂ ಬಿಡದೆ ಹೋರಾಡಿದ ದಿಗೇಂದ್ರ ಕುಮಾರರಿಗೂ ಮಹಾವೀರಚಕ್ರ. ಅದೇ ತಿಂಗಳ ಕೊನೆಯಲ್ಲಿ ಅದೇ ಬೆಟಾಲಿಯನ್ನಿನ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ಕೆಂಗುರುಸೆ, ಕ್ಯಾಪ್ಟನ್ ವಿಜಯಂತ್ ಥಾಪರ್ ಮತ್ತೊಂದು ಏರಿನಲ್ಲಿ ಪ್ರಾಣ ಕೊಟ್ಟರು.

ಈ ಹೆಸರುಗಳಿಲ್ಲದೆ ರವೀಂದ್ರನಾಥರ ಚಿತ್ರ ಪೂರ್ಣವಾಗದು. ಚೌಕಟ್ಟಿನೊಳಗೆ ಒಬ್ಬರೇ ಇರುತ್ತಾರೆ, ನಿಜ. ಆದರೆ ವಿಲ್ಕಿ ಬೇರ್ಡನ ಪಾದದ ಬಳಿ ಒಂದು ಜಾಲರಿ ಬರೆದಂತೆ, ನಮ್ಮ ಚಿತ್ರಕಾರನೂ ಏನಾದರೊಂದನ್ನು ಹುಡುಕಬೇಕು. ವಿಲ್ಕಿಯ ಚಿತ್ರದಲ್ಲಿ ನನಗೆ ಒಗ್ಗದ ಸಂಗತಿಯೊಂದಿದೆ: ಅಲ್ಲಿ ನಾಯಕನ ಎತ್ತರವನ್ನು ತೋರಿಸಲು ಕೆಳಗೆ ಒಬ್ಬ ಸತ್ತ ಶತ್ರು ಬೇಕಾಗಿದ್ದಾನೆ. ಶಾಲೆಯ ಗೋಡೆಯ ಮೇಲೆ ಅಂಥ ಚಿತ್ರ ಬೇಡ. ಸತ್ತ ಶತ್ರುವಿನ ಬದಲು ಸತ್ತ ಗೆಳೆಯರ ನೆನಪಿರಲಿ. ಹಿನ್ನೆಲೆಯಲ್ಲಿ ಬೆಟ್ಟವನ್ನು ಬರೆಯುವುದಾದರೆ ಬಾವುಟ ನೆಟ್ಟ ತುದಿಯನ್ನಲ್ಲ, ಹತ್ತುವ ಏರನ್ನು ಬರೆಯಲಿ. ಮುಖದಲ್ಲಿ ಗೆಲುವಿಗಿಂತ ಮಿಗಿಲಾಗಿ, ಹೋದವರ ಲೆಕ್ಕ ಹಿಡಿದವನ ಗಾಂಭೀರ್ಯವಿರಲಿ.

೨೦೨೫ರ ಡಿಸೆಂಬರ್ ೧೬ರಂದು ರಾಷ್ಟ್ರಪತಿಭವನದಲ್ಲಿ ಪರಮವೀರಚಕ್ರ ಪಡೆದ ೨೧ ಮಂದಿಯ ಭಾವಚಿತ್ರಗಳ ಮೊಗಸಾಲೆಯೊಂದನ್ನು ತೆರೆದರು. ಹಿಂದೆ ಬ್ರಿಟಿಷ್ ಅಧಿಕಾರಿಗಳ ಚಿತ್ರಗಳಿದ್ದ ಗೋಡೆಗಳು ಅವು. ಚೆಂಡಿಯಾದ ರಾಣೆಯವರೂ ಈಗ ಅಲ್ಲಿದ್ದಾರೆ. ಸಂತೋಷದ ಸಂಗತಿ. ಆದರೆ ದೆಹಲಿಯ ಮೊಗಸಾಲೆಗೆ ಹೊಳಲ್ಕೆರೆಯ ಹುಡುಗ, ಹೊಸದುರ್ಗದ ಹುಡುಗಿ ಎಂದು ಹೋದಾರು? ಅವರು ದಿನವೂ ನೋಡುವುದು ತಮ್ಮ ಶಾಲೆಯ ಗೋಡೆಯನ್ನು. ನೋಡಿ ನೋಡಿ ಅದನ್ನು ಮರೆಯುವವರೂ ಅವರೇ. ವರ್ಷಕ್ಕೆರಡು ಸಲ ಹೂವಿನ ಹಾರ ಹಾಕಿ, ಉಳಿದ ದಿನ ಧೂಳು ಹಿಡಿಸುವುದಕ್ಕೆ ಹನ್ನೊಂದು ಅಡಿಯಾದರೇನು, ಒಂದು ಗೇಣಾದರೇನು?

ಚಿತ್ರ ಕಣ್ಣನ್ನು ಕರೆಯುತ್ತದೆ. ಉಳಿದ ಕೆಲಸವನ್ನು ಅಕ್ಷರ ಮಾಡಬೇಕು. ಆತಕೂರಿನ ಕಲ್ಲು ಸಾವಿರ ವರ್ಷ ದಾಟಿ ಮಾತಾಡುತ್ತಿರುವುದು ನಾಯಿಯ ಶಿಲ್ಪದಿಂದಲ್ಲ, ಅದರ ಸುತ್ತ ಇರುವ ಸಾಲುಗಳಿಂದ. ಆದ್ದರಿಂದ ಮಿತ್ರರಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಅವಸರ ಮಾಡಬೇಡಿ; ಎಣ್ಣೆ ಒಣಗಲಿ. ಗುಂಡಿ ಕಪ್ಪಗಿರಲಿ, ಪಟ್ಟಿ ಸರಿಯಾಗಿರಲಿ, ಕಣ್ಣು ಮಕ್ಕಳ ಎತ್ತರಕ್ಕೆ ನೋಡಲಿ. ಕೆಳಗೆ ಒಂದು ಹಲಗೆ ಹಾಕಿಸಿ, ಮೇಲೆ ಹ್ತಿದವರಲ್ಲಿ ಮರಳದೆ ಹೋದವರ ಹೆಸರುಗಳನ್ನು ಮೊದಲು ಬರೆಸಿ. ಅನಂತರ, ಅವರನ್ನು ಕಳುಹಿಸಿ ಜೀವನಪರ್ಯಂತ ಅವರನ್ನು ನೆನೆಯುವ ಹೊರೆ ಹೊತ್ತವರು ಇವರು ಎಂದು ನಾಯಕರ ಹೆಸರು ಬರೆಸಿ. ಮದಕರಿಯ ಮುಖವನ್ನು ನಾವು ಕಳೆದುಕೊಂಡೆವು. ಅವನ ಜೊತೆಯಲ್ಲಿ ಶ್ರೀರಂಗಪಟ್ಟಣದ ದಾರಿ ಹಿಡಿದ ಸಾವಿರಾರು ಜನರ ಹೆಸರುಗಳನ್ನೂ ಕಳೆದುಕೊಂಡೆವು. ಮುಖವನ್ನು ಊಹಿಸಿ ಬರೆಯಬಹುದು. ಹೆಸರನ್ನು ಊಹಿಸಲಾಗದು.